ಅಮ್ಮಿಗೆ ಬರುವ ಫೋನುಗಳು

ನಮ್ಮ ಅಮ್ಮಿಗೆ ಬರುವ ಫೋನುಗಳಲ್ಲಿ ಎರಡು ಥರ. ಒಂದು ನೆಂಟರದ್ದು, ಅದು ಮುಗಿಯುವುದೇ ಇಲ್ಲ, ಯಾರದೋ ಮದುವೆಯಿಂದ ಶುರುವಾಗಿ ಈರುಳ್ಳಿ ರೇಟಿನ ತನಕ ಹೋಗುತ್ತದೆ. ಇನ್ನೊಂದು ಅರ್ಧ ನಿಮಿಷದ್ದು. "ಹೌ... ಹೌ... ಮನೇಲಾ, ಆಸ್ಪತ್ರೇಲಾ? ನೀರು ಕಾಯಿಸೋಕೆ ಇಡಿ, ಬಂದೆ." ಅಷ್ಟೇ. ಅಬ್ಬಾ ಏನೂ ಕೇಳದೆ ಗಾಡಿ ಕೀ ಹುಡುಕಲು ಶುರು ಮಾಡುತ್ತಾರೆ.

ಅಮ್ಮಿ ಮಯ್ಯತ್ತಿಗೆ ಗುಸುಲ್ ಕೊಡುತ್ತಾರೆ. ಅಂದರೆ ತೀರಿಹೋದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ ಕಫನ್, ಅಂದರೆ ದಫನಿಗೆ ಮೊದಲು ಸುತ್ತುವ ಬಿಳಿ ಬಟ್ಟೆ ತೊಡಿಸುತ್ತಾರೆ. ನಮ್ಮಲ್ಲಿ ಹೆಂಗಸರಿಗೆ ಹೆಂಗಸರೇ ಈ ಸ್ನಾನ ಮಾಡಿಸಬೇಕು. ಮನೆಯವರೇ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಆ ಹೊತ್ತಿನಲ್ಲಿ ಮಗಳಿಗೋ ಸೊಸೆಗೋ ಕೈಕಾಲು ಆಡುವುದಿಲ್ಲ, ಕ್ರಮವೂ ಗೊತ್ತಿರುವುದಿಲ್ಲ. ಆಗ ಬೆಂಗಳೂರಿನ ಗೋರಿಪಾಳ್ಯ, ಪಾದರಾಯನಪುರ, ಜೆ.ಜೆ. ನಗರದ ಕಡೆ ಯಾರಾದರೊಬ್ಬರು ನಮ್ಮ ಅಮ್ಮಿಯ ನಂಬರ್ ಕೊಡುತ್ತಾರೆ. ಇದಕ್ಕೆ ಬೋರ್ಡೂ ಇಲ್ಲ, ವಿಸಿಟಿಂಗ್ ಕಾರ್ಡೂ ಇಲ್ಲ.

ಅಮ್ಮಿಯ ತವರು ಕಾಟನ್‌ಪೇಟೆ. ಕರಗದ ರಾತ್ರಿ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಬರುತ್ತದಲ್ಲ, ಆ ಕಡೆ. (ಬೆಂಗಳೂರಿನ ಮುಸ್ಲಿಮರ ಬಗ್ಗೆ ಕನ್ನಡದಲ್ಲಿ ಏನು ಬರೆದರೂ ಕರಗ ಬರಲೇಬೇಕು. ಬಂತು. ಮುಂದಕ್ಕೆ ಹೋಗೋಣ.) ಅಲ್ಲಿ ಅವರ ಗಲ್ಲಿಯಲ್ಲಿ ಒಬ್ಬ ಅಜ್ಜಿ ಇದ್ದರಂತೆ, ಎಲ್ಲರೂ ಬಡೀ ಬೀ ಅನ್ನುತ್ತಿದ್ದರು. ಹಗಲೆಲ್ಲ ಊದುಬತ್ತಿ ಹೊಸೆಯುವುದು, ಯಾರಾದರೂ ತೀರಿಕೊಂಡರೆ ಕೈ ತೊಳೆದು ಎದ್ದು ಹೋಗುವುದು. ಅಮ್ಮಿ ಇನ್ನೂ ಮದುವೆಯಾಗದ ಹುಡುಗಿ, ನೀರು ಹಾಕಲು ಯಾರಾದರೂ ಬೇಕಿತ್ತು, ಕರೆದುಕೊಂಡು ಹೋದರು. ಮೊದಲು ಚೊಂಬು ಹಿಡಿಯುವುದು, ಆಮೇಲೆ ಬಟ್ಟೆ ಹಿಡಿಯುವುದು, ಆಮೇಲೆ ತಲೆ ತೊಳೆಯುವುದು. ಹೀಗೇ ಕಲಿತದ್ದು. ಹೆದರಿಕೆ ಆಗಲಿಲ್ವಾ ಅಂತ ಕೇಳಿದರೆ "ಬಡೀ ಬೀನ ನೋಡಿದ್ರೆ ಅದಕ್ಕಿಂತ ಜಾಸ್ತಿ ಹೆದರಿಕೆ ಆಗ್ತಿತ್ತು" ಅನ್ನುತ್ತಾರೆ.

ಅಮ್ಮಿಯ ಬ್ಯಾಗಿನಲ್ಲಿ ಹತ್ತಿ ಸುರುಳಿ, ಕತ್ತರಿ, ಗ್ಲೌಸ್, ಕರ್ಪೂರ, ಅತ್ತರ್ ಶೀಷೆ, ಬಿಳಿ ಬಟ್ಟೆಯ ಪಟ್ಟಿಗಳು ಇರುತ್ತವೆ. ಜೊತೆಗೆ ನೇಲ್ ಪಾಲಿಶ್ ರಿಮೂವರ್! ಉಗುರಿನ ಬಣ್ಣದ ಮೇಲೆ ನೀರು ನಿಲ್ಲುತ್ತದೆ, ಉಗುರಿಗೆ ತಾಗುವುದಿಲ್ಲ, ಅದಕ್ಕೆ. ಉಂಗುರ ಬೆರಳಿಗೆ ಬಿಗಿಯಾಗಿ ಕೂತಿದ್ದರೆ ಸೋಪು ಹಚ್ಚಿ, ದಾರ ಸುತ್ತಿ ತೆಗೆಯುತ್ತಾರೆ. ತೆಗೆದ ಒಡವೆ ಎಲ್ಲವನ್ನೂ ಮನೆಯ ಇಬ್ಬರ ಮುಂದೆ ಎಣಿಸಿ, ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಒಬ್ಬರ ಕೈಗೆ ಕೊಡುವುದೇ ಇಲ್ಲ. ಸಾವಿನ ಮನೆಯಲ್ಲಿ ಬಳೆಗಳ ಜಗಳ ಎಷ್ಟು ಬೇಗ ಶುರುವಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಕ್ರಮ ಹೇಳುತ್ತೇನೆ, ಯಾಕೆಂದರೆ ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರಾಣ ಹೋದ ಕೂಡಲೇ ಕಣ್ಣು ಮುಚ್ಚಿಸಬೇಕು, ಗದ್ದ ಜೋತು ಬೀಳದ ಹಾಗೆ ತಲೆಯ ಸುತ್ತ ಒಂದು ಬಟ್ಟೆ ಕಟ್ಟಬೇಕು, ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಬೇಕು. ಆಮೇಲೆ ತಖ್ತೆಯ, ಅಂದರೆ ಉದ್ದನೆಯ ಹಲಗೆಯ ಮೇಲೆ ಮಲಗಿಸುವುದು. ಮೈ ಮೇಲೆ ದಪ್ಪ ಬಟ್ಟೆ ಹೊದಿಸಿ, ಅದರ ಒಳಗಿನಿಂದಲೇ ಹಾಕಿಕೊಂಡಿದ್ದ ಬಟ್ಟೆ ತೆಗೆಯುವುದು. ಹೆಂಗಸರೇ ಇದ್ದರೂ ಮರೆ ಮರೆಯೇ. ಕೈಗೆ ಬಟ್ಟೆ ಸುತ್ತಿಕೊಂಡು ಮೊದಲು ಶುಚಿ ಮಾಡುವುದು, ಆಮೇಲೆ ವುಜೂ, ಅಂದರೆ ನಮಾಜಿಗೆ ಮೊದಲು ಮಾಡುವ ಹಾಗೆ ಕೈ, ಮುಖ, ಕಾಲು ತೊಳೆಸುವುದು. ಬಾಯಿಗೆ ಮೂಗಿಗೆ ನೀರು ಹಾಕುವುದಿಲ್ಲ, ಒದ್ದೆ ಹತ್ತಿಯಲ್ಲಿ ಒರೆಸುವುದು. ಎಲಚಿ ಎಲೆ ಹಾಕಿ ಕಾಯಿಸಿದ ನೀರು, ಉಗುರು ಬೆಚ್ಚಗಿರಬೇಕು, ಬದುಕಿರುವವರ ಮೈಗೆ ಎಷ್ಟು ಹಿತವೋ ಅಷ್ಟೇ. ತಲೆ ತೊಳೆದು, ಎಡಮಗ್ಗುಲಿಗೆ ತಿರುಗಿಸಿ ಬಲಗಡೆ ಮೊದಲು ತೊಳೆಯುವುದು, ಆಮೇಲೆ ಎಡಗಡೆ. ಸ್ವಲ್ಪ ಎತ್ತಿ ಕೂರಿಸಿ ಹೊಟ್ಟೆಯನ್ನು ಮೆಲ್ಲಗೆ ಒತ್ತುವುದು. ಕೊನೆಯ ನೀರಿಗೆ ಕರ್ಪೂರ. ಮೂರು ಸಲ, ಬೇಕಾದರೆ ಐದು ಸಲ, ಬೆಸ ಸಂಖ್ಯೆ ಆಗಬೇಕು.

ಎಲಚಿ ಎಲೆ, ಕರ್ಪೂರ ಎರಡೂ ಮಾರ್ಕೆಟ್ ಹತ್ತಿರದ ಗ್ರಂಥಿಗೆ ಅಂಗಡಿಯಿಂದಲೇ ಬರುತ್ತವೆ. ಅಂಗಡಿಯವರು ಅಮ್ಮಿ ಮುಖ ನೋಡಿದ ಕೂಡಲೇ ಪೊಟ್ಟಣ ಕಟ್ಟುತ್ತಾರೆ. ಚೌಕಾಸಿ ಮಾಡದೆ ಅಮ್ಮಿ ಸಾಮಾನು ತರುವ ಅಂಗಡಿ ಇಡೀ ಬೆಂಗಳೂರಿನಲ್ಲಿ ಅದೊಂದೇ ಇರಬೇಕು.

ಈ ಕ್ರಮದ ಹಿಂದೆ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು ನಡೆಯ ವರದಿ ಇದೆ. ಪ್ರವಾದಿಯವರ ಮಗಳು ತೀರಿಕೊಂಡಾಗ ಸ್ನಾನ ಮಾಡಿಸಿದ ಹೆಂಗಸರಲ್ಲಿ ಒಬ್ಬರು ಉಮ್ಮೆ ಅತಿಯ್ಯಾ, ಮದೀನಾದ ಅನ್ಸಾರಿ ಹೆಂಗಸು. ಬಲಗಡೆಯಿಂದ ಶುರು ಮಾಡಿ, ವುಜೂ ಮಾಡುವ ಅಂಗಗಳಿಂದ ಶುರು ಮಾಡಿ, ಮೂರೋ ಐದೋ ಬೇಕಾದರೆ ಇನ್ನೂ ಜಾಸ್ತಿಯೋ ಸಲ ತೊಳೆಯಿರಿ, ಕೊನೆಗೆ ಕರ್ಪೂರ ಹಾಕಿ ಅಂತ ಪ್ರವಾದಿಯವರು ಅವರಿಗೆ ಹೇಳಿದರು. ಮುಗಿದ ಮೇಲೆ ತಮ್ಮ ಸೊಂಟದ ಬಟ್ಟೆಯನ್ನೇ ಬಿಚ್ಚಿ ಕೊಟ್ಟು, ಇದನ್ನು ಮೈಗೆ ತಾಗುವ ಹಾಗೆ ಸುತ್ತಿ ಅಂದರು. ಹದೀಸ್ ಸಂಗ್ರಹಗಳಾದ ಬುಖಾರಿಯಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ನನಗೆ ಇದರಲ್ಲಿ ಇಷ್ಟವಾಗುವುದು, ಹೊರಗೆ ನಿಂತು ಕಾಯುತ್ತಿರುವ ಆ ತಂದೆ. ಮುಗಿದ ಮೇಲೆ ನನಗೆ ತಿಳಿಸಿ ಅಂತ ಹೇಳಿದ್ದರಂತೆ. ಅಮ್ಮಿಗೆ ಇಷ್ಟವಾಗುವುದು ಬೇರೆ. "ನೋಡು, ಇದು ಹೆಂಗಸರ ಕೈಯಿಂದ ಬಂದ ವಿದ್ಯೆ. ಮೌಲ್ವಿ ಸಾಹೇಬ್ರು ಇದನ್ನ ಉಮ್ಮೆ ಅತಿಯ್ಯಾ ಹತ್ರಾನೇ ಕಲೀಬೇಕು."

ಹೆಂಗಸರ ಕಫನ್‌ಗೆ ಐದು ತುಂಡು ಬಟ್ಟೆ, ಗಂಡಸರಿಗೆ ಮೂರು. ಒಂದರಲ್ಲೂ ಹೊಲಿಗೆ ಇರುವುದಿಲ್ಲ. ಕುರ್ತಾ ಅಂತ ಕರೆಯುವುದೂ ಸುಮ್ನೆ ಮಧ್ಯದಲ್ಲಿ ಕತ್ತಿಗೆ ಸೀಳಿದ ಉದ್ದ ಬಟ್ಟೆ ಅಷ್ಟೇ. ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ಇಳಿಬಿಡುತ್ತಾರೆ, ಅದರ ಮೇಲೆ ಓಢನಿ. ಸಜ್ದಾ ಮಾಡುವಾಗ ನೆಲಕ್ಕೆ ತಾಗುವ ಜಾಗಗಳಿಗೆ, ಅಂದರೆ ಹಣೆ, ಮೂಗು, ಅಂಗೈ, ಮಂಡಿ, ಪಾದಗಳಿಗೆ ಕರ್ಪೂರ ಹಚ್ಚುತ್ತಾರೆ. ಐದು ಹೊತ್ತು ನಮಾಜ್ ಮಾಡಿದವರಿರಲಿ, ಈದ್‌ಗೆ ಮಾತ್ರ ಮಾಡಿದವರಿರಲಿ, ಎಲ್ಲರಿಗೂ ಅದೇ ಜಾಗ, ಅಷ್ಟೇ ಕರ್ಪೂರ.

ಮನೆಗೆ ವಾಪಸ್ ಬಂದ ಮೇಲೆ ಅಮ್ಮಿ ಸ್ನಾನ ಮಾಡುತ್ತಾರೆ, ಟೀ ಕುಡಿಯುತ್ತಾರೆ, ಸೀರಿಯಲ್ ಬರುವ ಹೊತ್ತಾಗಿದ್ದರೆ ಅದನ್ನೂ ನೋಡುತ್ತಾರೆ. ಅಲ್ಲಿ ಏನು ನೋಡಿದರು ಅಂತ ಮಾತ್ರ ಒಂದು ಮಾತೂ ಬರುವುದಿಲ್ಲ. ಚಿಕ್ಕವರಿದ್ದಾಗ ನಾನೂ ತಂಗಿಯೂ ಎಷ್ಟು ಪೀಡಿಸಿದ್ದೇವೋ ಲೆಕ್ಕವಿಲ್ಲ. ಗಲ್ಲಿಯ ಖಾಲಾಗಳಂತೂ ನೇರವಾಗಿಯೇ ಕೇಳುತ್ತಾರೆ, ಮುಖದಲ್ಲಿ ನೂರ್ (ಕಳೆ) ಇತ್ತಾ, ಮೈ ಮೇಲೆ ಏನಾದರೂ ಗುರುತು ಇತ್ತಾ, ಸೊಸೆ ಹೊಡೀತಿದ್ದಳಂತೆ ನಿಜಾನಾ. ಎಲ್ಲದಕ್ಕೂ ಅಮ್ಮಿಯ ಉತ್ತರ ಒಂದೇ: "ಚೆನ್ನಾಗಿತ್ತು, ಮಾಷಾ ಅಲ್ಲಾ." ಮಯ್ಯತ್ತಿಗೆ ಸ್ನಾನ ಮಾಡಿಸಿ, ಕಂಡದ್ದನ್ನು ಮುಚ್ಚಿಟ್ಟವರನ್ನು ಅಲ್ಲಾಹ್ ನಲವತ್ತು ಸಲ ಕ್ಷಮಿಸುತ್ತಾನೆ ಅಂತ ಹದೀಸ್ ಇದೆ. ಅಮ್ಮಿ ಇದನ್ನು ಅಕ್ಷರಕ್ಕೆ ಅಕ್ಷರ ನಂಬುತ್ತಾರೆ. ಈ ಊರಿನಲ್ಲಿ ಅವರಿಗೆ ಎಷ್ಟು ಮನೆಗಳ ಗುಟ್ಟು ಗೊತ್ತಿರಬಹುದು ಅಂತ ಯೋಚಿಸಿದರೆ ನನಗೇ ಒಂಥರಾ ಆಗುತ್ತದೆ.

ದುಡ್ಡು ತೆಗೆದುಕೊಳ್ಳುವುದಿಲ್ಲ. ತುಂಬಾ ಬಲವಂತ ಮಾಡಿದರೆ ಮಸೀದಿ ಡಬ್ಬಿಗೆ ಹಾಕಿ ಅನ್ನುತ್ತಾರೆ. ನನ್ನ ಕೇಳಿದರೆ, ತೆಗೆದುಕೊಳ್ಳುವವರಲ್ಲಿ ತಪ್ಪೇನೂ ಇಲ್ಲ. ಇದನ್ನೇ ನಂಬಿಕೊಂಡು ಬದುಕುವ ಬಡ ವಿಧವೆಯರು ಇದ್ದಾರೆ, ಅವರಿಗೆ ಒಂದು ಸೀರೆ, ಆಟೋ ಚಾರ್ಜ್ ಕೊಡುವುದಕ್ಕೂ ಹಿಂದೆ ಮುಂದೆ ನೋಡುವ ದೊಡ್ಡ ಮನೆಗಳೂ ಇವೆ. ಇಂಥ ಮನೆಗಳೇ ನಲವತ್ತನೇ ದಿನದ ಚೆಹ್ಲಮ್‌ಗೆ ಕಲ್ಯಾಣ ಮಂಟಪ ಬುಕ್ ಮಾಡಿ ಬಿರಿಯಾನಿ ಹಾಕಿಸುವುದು.

ನಮ್ಮಲ್ಲಿ ಫರ್ಜ್ ಎ ಕಿಫಾಯಾ ಅಂತ ಒಂದು ಲೆಕ್ಕ ಇದೆ. ನಮಾಜ್, ರೋಜಾ ಎಲ್ಲ ಅವರವರೇ ಮಾಡಬೇಕು. ಆದರೆ ಮಯ್ಯತ್ತಿನ ಸ್ನಾನ, ಕಫನ್, ಜನಾಜಾ ನಮಾಜ್ (ತೀರಿಹೋದವರಿಗಾಗಿ ಮಾಡುವ ನಮಾಜ್), ದಫನ್ ಹಾಗಲ್ಲ. ಊರಿನ ಕೆಲವರು ಮಾಡಿದರೆ ಉಳಿದವರ ತಲೆಯ ಮೇಲಿನ ಭಾರವೂ ಇಳಿಯುತ್ತದೆ. ಯಾರೂ ಮಾಡದಿದ್ದರೆ ಇಡೀ ಊರಿಗೆ ಗುನಾಹ್. ಎಷ್ಟು ಒಳ್ಳೆಯ ಏರ್ಪಾಡು ಅಲ್ವಾ? ತೊಂದರೆ ಏನೆಂದರೆ "ಕೆಲವರು ಮಾಡುತ್ತಾರೆ" ಅಂತ ನಾವೆಲ್ಲ ಆರಾಮಾಗಿ ಕೂತುಬಿಟ್ಟಿದ್ದೇವೆ. ಆ ಕೆಲವರಿಗೆ ವಯಸ್ಸಾಗುತ್ತಿದೆ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಚಾಂದ್ ಕಂಡಿತೋ ಇಲ್ಲವೋ ಅಂತ ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ. ಸಾವಾದ ಮೂರನೇ ದಿನದ ಜಿಯಾರತ್ ಮಾಡಬೇಕಾ ಬೇಡವಾ ಅಂತ ಚಾಚಾ ಒಂದು ಕಡೆ, ಮಾಮೂ ಒಂದು ಕಡೆ, ಇಬ್ಬರೂ ವೀಡಿಯೊ ಮೇಲೆ ವೀಡಿಯೊ ಕಳಿಸುತ್ತಾರೆ. ಆದರೆ ಅದೇ ಗ್ರೂಪಿನಲ್ಲಿ ಒಂದು ಮಯ್ಯತ್ತಿಗೆ ಸರಿಯಾಗಿ ಗುಸುಲ್ ಕೊಡಲು ಬರುವವರು ಅಮ್ಮಿ ಒಬ್ಬರೇ. ನನಗೆ ಇದನ್ನು ನೋಡಿ ಸಿಟ್ಟು ಬರುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಊಟದ ವಿಷಯದಲ್ಲಿ ಮಾತ್ರ ನಮ್ಮ ಗಲ್ಲಿಯವರನ್ನು ಮೆಚ್ಚಬೇಕು. ಮೂತಾ ಯುದ್ಧದಲ್ಲಿ ಪ್ರವಾದಿಯವರ ದೊಡ್ಡಪ್ಪನ ಮಗ ಜಾಫರ್ ಹುತಾತ್ಮರಾದ ಸುದ್ದಿ ಬಂದಾಗ, ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸಿ, ಅವರು ದುಃಖದಲ್ಲಿದ್ದಾರೆ ಅಂತ ಪ್ರವಾದಿಯವರು ಹೇಳಿದ್ದರು. ಅವತ್ತಿನಿಂದ ಸಾವಿನ ಮನೆಯಲ್ಲಿ ಒಲೆ ಹಚ್ಚಿಸದೆ ಅಕ್ಕಪಕ್ಕದವರೇ ಊಟ ಕೊಡುವ ರೂಢಿ. ಅಮ್ಮಿಯ ಅತ್ತೆ, ಅಂದರೆ ನಮ್ಮ ದಾದಿ ತೀರಿಕೊಂಡಾಗ ಬೆಳಗ್ಗೆ ಮೊದಲು ಬಂದದ್ದು ಎದುರು ಮನೆ ಆಂಟಿಯ ಉಪ್ಪಿಟ್ಟು, ದೊಡ್ಡ ಡಬರಿಯಲ್ಲಿ. ಆಂಟಿ ಏನೂ ಸಮಾಧಾನ ಹೇಳಲಿಲ್ಲ, "ಮಕ್ಕಳಿಗೆ ಮೊದಲು ಹಾಕು" ಅಂದು ಹೋದರು. ಅವರ ಅಮ್ಮ ತೀರಿಕೊಂಡಾಗ ಅಮ್ಮಿ ಹೋಗಿ ಹೊಸಿಲಿನ ಹತ್ತಿರವೇ ನಿಂತಿದ್ದರು. ಅವರಲ್ಲೂ ಸ್ನಾನ ಮಾಡಿಸುತ್ತಾರಲ್ಲ, ಅದನ್ನು ನೋಡಿ ಬಂದು ರಾತ್ರಿ ಅಬ್ಬಾ ಹತ್ತಿರ ಮೆಲ್ಲಗೆ, "ನೀರು ಬೇಗ ಬೇಗ ಹುಯ್ದುಬಿಟ್ಟರು ರೀ" ಅಂದದ್ದು ನನಗೆ ಕೇಳಿಸಿತು. ಕೆಲಸ ಗೊತ್ತಿದ್ದವರ ಕಣ್ಣು ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ.

ಹೆಂಗಸರ ಪಾಲು ಮನೆಯ ಬಾಗಿಲಿಗೆ ಮುಗಿಯುತ್ತದೆ. ಡೋಲಾ, ಅಂದರೆ ಶವದ ಮಂಚ, ಹೆಗಲೇರಿದ ಮೇಲೆ ಎಲ್ಲ ಗಂಡಸರದ್ದು. ಮಸೀದಿ ಮುಂದೆ ನಿಂತುಕೊಂಡೇ ಮಾಡುವ ಜನಾಜಾ ನಮಾಜ್, ಬಗ್ಗುವ ರುಕೂ ಇಲ್ಲ ಸಜ್ದಾ ಇಲ್ಲ, ನಾಲ್ಕು ತಕ್ಬೀರ್ (ಅಲ್ಲಾಹು ಅಕ್ಬರ್ ಅನ್ನುವುದು). ಆಮೇಲೆ ಮೈಸೂರು ರೋಡಿನ ಖಬರಸ್ತಾನ. ತೀರಿಹೋದವರನ್ನು ನೆನೆಯುವ ಶಬ್ ಎ ಬರಾತ್ ರಾತ್ರಿ ಅಲ್ಲಿ ಎಷ್ಟು ಲೈಟು, ಎಷ್ಟು ಜನ, ಎಷ್ಟು ಟ್ರಾಫಿಕ್ ಜಾಮ್ ಅಂತ ಮಾರ್ಕೆಟ್ ಫ್ಲೈಓವರ್ ಇಳಿದು ಬಂದವರಿಗೆಲ್ಲ ಗೊತ್ತು. ಅಬ್ಬಾ, ತಮ್ಮ ಹೋಗುತ್ತಾರೆ, ನಾವು ಮನೆಯಲ್ಲಿ ಹಲ್ವಾ ಮಾಡುತ್ತೇವೆ. ಇಷ್ಟು ಜನರನ್ನು ಆ ಗೇಟಿನ ತನಕ ತಯಾರು ಮಾಡಿ ಕಳಿಸಿದ ಅಮ್ಮಿ ಒಂದು ಸಲವೂ ಆ ಗೇಟಿನ ಒಳಗೆ ಹೋಗಿಲ್ಲ. ಹೆಂಗಸರು ಖಬರಸ್ತಾನಕ್ಕೆ ಹೋಗಬಹುದಾ ಅನ್ನುವುದರಲ್ಲಿ ಆಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ನನಗಂತೂ ಹೋಗಬೇಕು ಅನ್ನಿಸುತ್ತದೆ, ದಾದಿಯ ಖಬರ್ ಎಲ್ಲಿದೆ ಅಂತ ತಮ್ಮ ಫೋಟೋ ತೋರಿಸಿದ್ದಷ್ಟೇ ಗೊತ್ತು. ಅಮ್ಮಿಗೆ ಹಾಗೇನೂ ಇಲ್ಲ. "ನನ್ನ ಸರದಿ ಬಂದಾಗ ಹೋಗ್ತೀನಲ್ಲ" ಅನ್ನುತ್ತಾರೆ. ಈ ಜೋಕಿಗೆ ಅಬ್ಬಾ ಮಾತ್ರ ನಗುವುದಿಲ್ಲ.

ಈಗ 2020ಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಪಾದರಾಯನಪುರ, ಬಾಪೂಜಿನಗರ ಎರಡೂ ವಾರ್ಡ್ ಸೀಲ್‌ಡೌನ್ ಆದವು. ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ನಮ್ಮ ಏರಿಯಾದ ಹೆಸರೇ. ಅದರ ಬಗ್ಗೆ ಹೇಳಲು ಬೇಕಾದಷ್ಟಿದೆ, ಇವತ್ತು ಬೇಡ. ರಂಜಾನ್ ಶುರುವಾಗಿತ್ತು, ಮಸೀದಿಗಳು ಮುಚ್ಚಿದ್ದವು, ರಾತ್ರಿಯ ತರಾವೀಹ್ ನಮಾಜ್ ಮನೆಯಲ್ಲೇ. ಅಂಥದ್ದರಲ್ಲಿ ಒಂದು ರಾತ್ರಿ ಫೋನು ಬಂತು. ಬ್ಯಾರಿಕೇಡ್ ಆಚೆಯ ಮನೆ. ವಯಸ್ಸಾದ ಹೆಂಗಸು, ಕೊರೋನಾ ಅಲ್ಲ, ತುಂಬಾ ದಿನದಿಂದ ಹಾಸಿಗೆ ಹಿಡಿದಿದ್ದವರು. ಅಮ್ಮಿ ಹೊರಟು ನಿಂತರು, ಬ್ಯಾರಿಕೇಡ್ ಹತ್ತಿರ ಪೊಲೀಸರು ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ.

ವಾಪಸ್ ಬಂದು ಅಮ್ಮಿ ಫೋನು ಮಾಡಿದರು. ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಸೊಸೆ. ವೀಡಿಯೊ ಕಾಲ್ ಮಾಡಿದರೆ ಅಮ್ಮಿ, "ನಕ್ಕೋ ಮಾ, ಕ್ಯಾಮೆರಾ ಬಂದ್ ಮಾಡು. ನಾನು ನೋಡಬಾರದು, ಫೋನೂ ನೋಡಬಾರದು" ಅಂದರು. ಸ್ಪೀಕರ್ ಹಾಕಿಸಿದರು. ತಖ್ತೆ ಸಿಗದೆ ಬಾಗಿಲಿನ ಹಲಗೆ ಬಿಚ್ಚಿದ್ದರು. ಎಲಚಿ ಎಲೆ ಇರಲಿಲ್ಲ, "ಸೋಪು ಸಾಕು" ಅಂದರು. ಕಫನ್‌ಗೆ ಅಂಗಡಿ ತೆಗೆದಿರಲಿಲ್ಲ, ಹೊಸ ಬಿಳಿ ಬೆಡ್‌ಶೀಟ್ ಕತ್ತರಿಸಿದರು. ನಮ್ಮ ಅಡುಗೆ ಮನೆಯಲ್ಲಿ ನೆಲದ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ತಮ್ಮ ಕೈಯನ್ನೇ ಗಾಳಿಯಲ್ಲಿ ಆಡಿಸುತ್ತಾ ಅಮ್ಮಿ ಒಂದೊಂದಾಗಿ ಹೇಳುತ್ತಾ ಹೋದರು. ಆ ಕಡೆಯಿಂದ ಅಳು, ನೀರಿನ ಸದ್ದು, ನಡುವೆ ಒಬ್ಬಳು "ಖಾಲಾ, ಅಮ್ಮಿ ತುಂಬಾ ಹಗುರ ಆಗಿದ್ದಾರೆ" ಅಂದದ್ದು. ಅಮ್ಮಿ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ತಿರುಗಿಸೋಕೆ ಸುಲಭ, ಬಿಸ್ಮಿಲ್ಲಾ ಅನ್ನು" ಅಂದರು.

ಮುಂದಿನ ವರ್ಷದ ಎರಡನೇ ಅಲೆಯಲ್ಲಿ ಇನ್ನೂ ಕೆಟ್ಟದ್ದು ನೋಡಿದೆವು. ಪ್ಲಾಸ್ಟಿಕ್ ಬ್ಯಾಗಿನಲ್ಲಿ ಸುತ್ತಿ ಕೊಟ್ಟ ದೇಹಗಳು, ನೀರು ತಾಗಿಸುವ ಹಾಗೂ ಇಲ್ಲ. ಪಿಪಿಇ ಹಾಕಿಕೊಂಡ ಸ್ವಯಂಸೇವಕ ಹುಡುಗರು ಖಬರಸ್ತಾನಕ್ಕೂ ಓಡುತ್ತಿದ್ದರು, ಸುಮನಹಳ್ಳಿ ಚಿತಾಗಾರದ ಆಂಬ್ಯುಲೆನ್ಸ್ ಸಾಲಿನಲ್ಲೂ ನಿಲ್ಲುತ್ತಿದ್ದರು, ಯಾರ ಮನೆಯವರು ಬರಲು ಆಗಲಿಲ್ಲವೋ ಅವರದ್ದೆಲ್ಲ ಇವರೇ ಮಾಡಿದರು. ಅಮ್ಮಿ ಮನೆಯಲ್ಲಿ ಕೂತು ದುವಾ ಮಾಡುತ್ತಿದ್ದರು, ಸಿಡುಕುತ್ತಿದ್ದರು. ಕೈಗೆ ಕೆಲಸ ಇಲ್ಲದ ಸಿಡುಕು.

ಆಗಲೇ ಆ ಫೋನಿನ ವಿಷಯ ಮತ್ತೆ ಎತ್ತಿದ್ದು ನನ್ನ ತಂಗಿ. ಏನೂ ಗೊತ್ತಿಲ್ಲದ ಮೂರು ಜನ ಫೋನಿನಲ್ಲಿ ಕೇಳಿಸಿಕೊಂಡೇ ಮಾಡಿದರು ಅಂದಮೇಲೆ, ಎದುರು ಕೂರಿಸಿ ಕಲಿಸಿದರೆ ಯಾರು ಬೇಕಾದರೂ ಮಾಡಬಹುದಲ್ಲ ಅಂದಳು. ಅಮ್ಮಿ ಮೊದಲು ಒಪ್ಪಲಿಲ್ಲ. ಇದೇನು ಬ್ಯೂಟಿ ಪಾರ್ಲರ್ ಕೋರ್ಸಾ ಅಂದರು. ಆಮೇಲೆ ಗಲ್ಲಿಯ ಮದ್ರಸಾದ ಆಪಾ ಭಾನುವಾರ ಮಧ್ಯಾಹ್ನ ಹಾಲ್ ಕೊಡಲು ಒಪ್ಪಿದರು, ಅಮ್ಮಿಯೂ ಒಪ್ಪಿದರು.

ಮೊದಲ ಕ್ಲಾಸಿಗೆ ಜನ ಬಂದರು, ಆದರೆ ತೋರಿಸಿಕೊಡಲು ತಖ್ತೆಯ ಮೇಲೆ ಮಲಗುವವರು ಯಾರೂ ಇಲ್ಲ. ಅಪಶಕುನ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮಲ್ಲಿ ಅದನ್ನೆಲ್ಲ ನಂಬಬಾರದು. ಸುಮ್ನೆ ಎಲ್ಲರೂ ದುಪಟ್ಟಾ ಸರಿಮಾಡಿಕೊಂಡರು. ಅಮ್ಮಿ ನನ್ನ ಕಡೆ ನೋಡಿ, "ನೀನೇ ಮಲಕ್ಕೋ" ಅಂದರು. ಮಲಗಿದೆ. ಸಲ್ವಾರ್ ಮೇಲೆಯೇ ಚಾದರ ಹೊದಿಸಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ ಬಾಕಿ ಇದೆ ಅನ್ನುವುದು ನೆನಪಾಯಿತು, ನಿಜವಾಗಿ ಬೇರೇನೂ ದೊಡ್ಡ ಯೋಚನೆ ಬರಲಿಲ್ಲ. ನಾಲ್ಕು ಜೊತೆ ಕೈಗಳು ನನ್ನನ್ನು ಎಡಕ್ಕೆ ತಿರುಗಿಸಿದವು. ಒಬ್ಬಳಿಗೆ ನಗು ಬಂತು, ನನಗೆ ಕಚಗುಳಿ. ಅಮ್ಮಿ ಗದರಿದರು: "ಏಯ್, ಎಳೀಬೇಡ. ಭುಜದ ಕೆಳಗೆ ಕೈ ಹಾಕು. ಅವರಿಗೆ ನೋವಾಗುತ್ತೆ." ಅವರಿಗೆ ಅಂದರೆ ನನಗೆ ಅಲ್ಲ, ನಾನು ಯಾರ ಜಾಗದಲ್ಲಿ ಮಲಗಿದ್ದೆನೋ ಅವರಿಗೆ. ಚಾದರ ಒಂದು ಕ್ಷಣವೂ ಜಾರದ ಹಾಗೆ ಒಬ್ಬರಿಂದ ಒಬ್ಬರು ಹಿಡಿದುಕೊಳ್ಳುವುದು ಎಷ್ಟು ಕಷ್ಟ ಅಂತ ಕೆಳಗೆ ಮಲಗಿದ್ದ ನನಗೆ ಚೆನ್ನಾಗಿ ಗೊತ್ತಾಯಿತು.

ಪ್ರಶ್ನೆಗಳು ಬಂದವು. ಮೆಹಂದಿ ಇದ್ದರೆ? ಪರವಾಗಿಲ್ಲ, ಅದರಲ್ಲಿ ನೀರು ಹೋಗುತ್ತೆ. ಉಗುರು ಉದ್ದ ಇದ್ದರೆ ಕತ್ತರಿಸಬೇಕಾ? ಬೇಡ, ಇದ್ದ ಹಾಗೇ. ಮುಟ್ಟಾಗಿದ್ದರೆ ನಾವು ಸ್ನಾನ ಮಾಡಿಸಬಹುದಾ? ಇದನ್ನು ಕೇಳಿದ ಹುಡುಗಿ ದನಿ ತಗ್ಗಿಸಿದಳು, ಅಮ್ಮಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಬೇರೆಯವರಿದ್ದರೆ ಅವರು ಮಾಡಲಿ, ಯಾರೂ ಇಲ್ಲದಿದ್ದರೆ ನೀನೇ ಮಾಡು, ಮಯ್ಯತ್ ಕಾಯಬಾರದು.

ಈಗ ಫೋನು ಬಂದರೆ ಅಮ್ಮಿಯ ಜೊತೆ ಇಬ್ಬರು ಮೂವರು ಹೋಗುತ್ತಾರೆ. ಕೆಲವು ಸಲ ಅಮ್ಮಿ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅವರೇ ಮಾಡುತ್ತಾರೆ. ನಾನೂ ಹೋಗುತ್ತೇನೆ, ಚೊಂಬು ಹಿಡಿಯುವುದರಲ್ಲೇ ಇದ್ದೇನೆ, ಬಡ್ತಿ ಸಿಕ್ಕಿಲ್ಲ.

ಕಷ್ಟ ಇರುವುದು ಹೊಸ ಬಡಾವಣೆಗಳಲ್ಲಿ. ಮಕ್ಕಳು ಕನಕಪುರ ರೋಡ್, ಸರ್ಜಾಪುರ ಅಂತ ಫ್ಲಾಟ್‌ಗಳಿಗೆ ಹೋಗಿದ್ದಾರೆ, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಯಾರಾದರೂ ತೀರಿಕೊಂಡರೆ ಯಾರಿಗೆ ಫೋನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಲಿಫ್ಟಿನಲ್ಲಿ ಡೋಲಾ ಹಿಡಿಸುವುದಿಲ್ಲ, ನೀರು ಹರಿಯಲು ಜಾಗ ಇರುವುದಿಲ್ಲ. ಕೆಲವು ಮಸೀದಿಗಳಲ್ಲಿ ಗುಸುಲ್‌ಗೆ ಅಂತಲೇ ಕೋಣೆ ಮಾಡಿದ್ದಾರೆ, ಒಳ್ಳೆಯ ಕೆಲಸ. ನಿಮ್ಮ ಮನೆಯ ಹತ್ತಿರದ ಮಸೀದಿಯಲ್ಲಿ ಅದು ಇದೆಯಾ, ಹೆಂಗಸರಿಗೆ ಗುಸುಲ್ ಕೊಡುವವರ ನಂಬರ್ ಇದೆಯಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ತೀರಿಕೊಂಡರೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಸಾವಿನ ನೋಂದಣಿ 21 ದಿನದ ಒಳಗೆ ಮಾಡಿಸಬೇಕು, ಇದೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ, ಆಮೇಲೆ ಪೆನ್ಶನ್‌ಗೆ, ಬ್ಯಾಂಕಿಗೆ ಅಲೆಯುತ್ತಾರೆ.

ಕನಕಪುರ ರೋಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಕ್ಲಾಸು ಮಾಡಿದೆವು. ಕ್ಲಬ್‌ಹೌಸ್ ಬುಕ್ ಮಾಡುವ ಫಾರ್ಮಿನಲ್ಲಿ ಕಾರಣ ಅಂತ ಒಂದು ಕಾಲಂ ಇತ್ತು, ಅಲ್ಲಿನ ಹುಡುಗಿ "ಮಹಿಳಾ ತರಬೇತಿ" ಅಂತ ಬರೆದಳು. ಸೆಕ್ರೆಟರಿ ಬಂದು ಯಾವ ತರಬೇತಿ ಅಂತ ಕೇಳಿದರು. ಅಮ್ಮಿಯೇ ಇದ್ದದ್ದು ಇದ್ದ ಹಾಗೆ ಹೇಳಿದರು. ಅವರು ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ ಮಲಗಿಸಲು ಟೇಬಲ್ ಟೆನಿಸ್ ಟೇಬಲ್ ಆಗುತ್ತಾ ಅಂದರು. ಅಮ್ಮಿ ಎರಡೂ ಕೈಯಲ್ಲಿ ಒತ್ತಿ ನೋಡಿ, "ಅಲ್ಲಾಡುತ್ತೆ, ಬೇಡ" ಅಂದರು. ಕೊನೆಗೆ ಊಟದ ಬೆಂಚುಗಳನ್ನು ಜೋಡಿಸಿಕೊಂಡೆವು.